ಆಯಿಯ ಹೆಪ್ಪು, ಕಾಕಾನ ಹೊಂಡ

ನನ್ನ ಹತ್ತಿರ ಎರಡು ಹಳೆಯ ನೋಟ್‌ಬುಕ್ಕುಗಳಿವೆ. ನೀಲಿ ಹೊದಿಕೆಯದು ಹೊಂಡದ್ದು, ಕೆಂಪು ಹೊದಿಕೆಯದು ಮನೆಯದು. ನೀಲಿಯಲ್ಲಿ ನೀರಿನ ಉಪ್ಪು ಎಷ್ಟು, ಮೇವು ಎಷ್ಟು ಹಾಕಿದೆವು, ಎಷ್ಟು ಸೀಗಡಿ ಸತ್ತವು ಎಂದು ಬರೆಯುತ್ತಿದ್ದೆ. ಕೆಂಪಿನಲ್ಲಿ ಯಾರು ಬಂದರು, ಏನು ಅಡುಗೆ, ಯಾವ ಬಸ್ಸು ತಪ್ಪಿತು ಎಂದು. ಬಿ.ಎಸ್ಸಿ. ಓದುತ್ತಿದ್ದ ವರ್ಷಗಳಲ್ಲಿ ಎರಡನ್ನೂ ಒಂದು ದಿನ ತಪ್ಪದೆ ಬರೆದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಬೇಕು ಎಂದು ಮಾತ್ರ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ನನ್ನಿಂದಾಗಿ ಒಬ್ಬ ಒಳ್ಳೆಯ ಮನುಷ್ಯನ ಹೆಸರು ಏಳು ತಿಂಗಳು ಕೆಟ್ಟಿತ್ತು. ಅದು ಸರಿಹೋಯಿತು. ಸರಿಮಾಡಿದವರು ಮೂರು ಜನ, ಅವರಲ್ಲಿ ಒಬ್ಬರು ಹೆಸರು ಕೆಟ್ಟಿದ್ದ ಆ ಮನುಷ್ಯನೇ. ಅವರನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಬೀಳಗಿಯಲ್ಲಿ. ಅಪ್ಪನಿಗೆ ಕಚೇರಿಯಲ್ಲಿ ಕೆಲಸ. ಮನೆಯೊಳಗಿನ ಮಾತು ಅರ್ಧ ಮರಾಠಿ, ಹಾಗಾಗಿ ಅವ್ವ ನಮಗೆ ಆಯಿ. ಊರಾಚೆ ಹಿನ್ನೀರಿನ ಕಡೆಗೆ ಅಜ್ಜನ ಕಾಲದ ಮೂರು ಎಕರೆ ಹೊಲವಿತ್ತು. ಆಣೆಕಟ್ಟಿನ ನೀರು ಏರಿದಾಗ ಹೊಲ ಮುಳುಗಲಿಲ್ಲ. ಆದರೆ ನೆಲದಡಿಯ ನೀರು ಮೇಲೆ ಬಂತು, ಜೊತೆಗೆ ಉಪ್ಪನ್ನೂ ತಂದಿತು. ಬೇಸಿಗೆಯಲ್ಲಿ ಆ ಹೊಲ ಜೋಳದ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಸವಳು ಭೂಮಿ. ಕಬ್ಬು ಹಾಕಿದರೆ ಮೊಣಕಾಲೆತ್ತರಕ್ಕೇ ಹಳದಿಯಾಗುತ್ತಿತ್ತು. ಉಪ್ಪಿನ ನೀರಲ್ಲಿ ಬದುಕುವುದು ಏನಿದೆ ಎಂದು ಅಪ್ಪ ವರ್ಷಗಟ್ಟಲೆ ವಿಚಾರಿಸಿ, ಕೊನೆಗೆ ಸೀಗಡಿಗೆ ಬಂದು ನಿಂತರು.

ನಮ್ಮ ಮನೆಯಲ್ಲಿ ಸೀಗಡಿ ತಿಂದವರು ಹೋಗಲಿ, ಮುಟ್ಟಿದವರೂ ಇರಲಿಲ್ಲ.

"ತಿನ್ನೂದಿಲ್ಲ, ಮುಟ್ಟೂದಿಲ್ಲ, ಅದನ್ನ ತಂದು ಸಾಕ್ತೀರಿ?" ಎಂದಳು ಆಯಿ.

"ನೀ ರೇಷ್ಮಿ ಸೀರಿ ಉಡ್ತಿ. ಆ ಹುಳಾ ತಿಂತಿಯೇನು?" ಎಂದರು ಅಪ್ಪ.

ಅವತ್ತಿನಿಂದ ನಮ್ಮ ಮನೆಯಲ್ಲಿ ಸೀಗಡಿಗೆ ಹುಳಾ ಎಂದೇ ಹೆಸರಾಯಿತು. ಆರು ತಿಂಗಳು ಕಳೆಯುವುದರೊಳಗೆ, ಅಪ್ಪ ಹೊಂಡದಿಂದ ಬಂದು ಚಪ್ಪಲಿ ಬಿಡುವ ಮೊದಲೇ "ಹುಳಾ ಉಂಡ್ವೇನು?" ಎಂದು ಕೇಳುವವಳೂ ಅವಳೇ ಆದಳು.

ಆ ಸವಳು ನೆಲದಲ್ಲಿ ಒಂದರ ಪಕ್ಕ ಒಂದರಂತೆ ಐದು ಹೊಂಡಗಳಾದವು. ಎಲ್ಲಕ್ಕಿಂತ ದೊಡ್ಡದು ಗೌಡರದು. ಮರಿಗಳು ದೂರದ ಕರಾವಳಿಯಿಂದ, ನೀರು, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ, ಒಂದೇ ಗಾಡಿಯಲ್ಲಿ ಐದೂ ಹೊಂಡಕ್ಕೆ ಬರುತ್ತಿದ್ದವು. ಯಾರಿಗೆ ಎಷ್ಟು ಚೀಲ ಎಂದು ಗೌಡರು ಫೋನಿನಲ್ಲಿ ಹೇಳುತ್ತಿದ್ದರು. ಒಬ್ಬರಿಗಾಗಿ ಅಷ್ಟು ದೂರದಿಂದ ಗಾಡಿ ಬರುತ್ತಿರಲಿಲ್ಲ. ಗೌಡರ ಪಟ್ಟಿಯಲ್ಲಿ ಚೀಲವಿಲ್ಲ ಎಂದರೆ ಹೊಂಡ ಖಾಲಿ ಎಂದೇ ಅರ್ಥ.

ನಮ್ಮ ಹೊಂಡದ ಮೇಲ್ಗಡೆ ಇದ್ದದ್ದು ಕಾಕಾನ ಹೊಂಡ. ಸಂಬಂಧದಲ್ಲಿ ಕಾಕಾ ಅಲ್ಲ. ಬನಹಟ್ಟಿಯ ನೇಕಾರರು. ನಾಲ್ಕು ಮಗ್ಗಗಳಲ್ಲಿ ಎರಡನ್ನು ತಮ್ಮನಿಗೆ ಬಿಟ್ಟು, ಎರಡನ್ನು ಮಾರಿ, ಇಲ್ಲಿ ಹೊಂಡ ತೆಗೆಸಿದ್ದರು. ಮಗ್ಗದ ಸದ್ದಿನಲ್ಲಿ ಮೂವತ್ತು ವರ್ಷ ಕಳೆದು ಅವರ ಕಿವಿ ಮಂದವಾಗಿತ್ತು, ಹತ್ತಿಯ ಧೂಳಿಗೆ ಎದೆ ಕಟ್ಟುತ್ತಿತ್ತು. ಇನ್ನು ಮಗ್ಗದ ಮುಂದೆ ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಈ ಹೊಂಡ ಅವರಿಗೆ ಬರೀ ಹೊಂಡವಾಗಿರಲಿಲ್ಲ, ಉಸಿರಾಡುವುದಕ್ಕೆ ಇದ್ದ ಜಾಗ. ಕಿವಿ ಮಂದವಾದ್ದರಿಂದ ಏನು ಹೇಳಿದರೂ ಕೂಗಿಯೇ ಹೇಳುತ್ತಿದ್ದರು.

"ಏ ತಂಗೀ! ಇವತ್ತ ಎಷ್ಟ ಸತ್ತಾವು?"

"ಒಂದು, ಕಾಕಾ."

"ಒಂದ? ಅದನ್ನೂ ಬರದಿ? ಅದಕ್ಕ ಹೆಸರೂ ಇಟ್ಟಿರಬೇಕಲ್ಲ ನೀ!"

ಬಸ್ಸಿನಲ್ಲಿ ಬರುವಾಗ ಊಟದ ಡಬ್ಬಿ ತರುತ್ತಿದ್ದರು. ಮಧ್ಯಾಹ್ನ ಆಯಿ ಅದಕ್ಕೆ ಒಂದಿಷ್ಟು ಪಲ್ಯವನ್ನೋ ಚಟ್ನಿಯನ್ನೋ ಸೇರಿಸುತ್ತಿದ್ದಳು. ನಮ್ಮ ಮನೆಯ ಪಾತ್ರೆ ಅವರ ಕೈಗೆ ಹೋದರೆ ಖಾಲಿ ಬಂದದ್ದೇ ಇಲ್ಲ. ತಿರುಗಿ ಬರುವಾಗ ಅದರಲ್ಲಿ ಶೇಂಗಾ, ಒಂದು ತುಂಡು ಬೆಲ್ಲ, ಏನೂ ಸಿಗದಿದ್ದರೆ ನಾಲ್ಕು ಹಸಿಮೆಣಸಿನಕಾಯಿ ಇರುತ್ತಿದ್ದವು. ಖಾಲಿ ಪಾತ್ರೆ ಮರಳಿಸುವುದು ಅವರ ಮನೆಯಲ್ಲಿ ಗೊತ್ತೇ ಇಲ್ಲ ಎನ್ನುತ್ತಿದ್ದರು.

ಇನ್ನು ಹೆಪ್ಪಿನ ವಿಷಯ. ಹೊಂಡದ ನೀರಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯದಿರಲಿ ಎಂದು ಒಳ್ಳೆಯ ಬ್ಯಾಕ್ಟೀರಿಯಾ ಬಿಡುತ್ತಾರೆ. ಅದು ಪುಡಿಯಾಗಿ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಒಂದು ಡ್ರಮ್ಮಿನಲ್ಲಿ ಶುದ್ಧ ನೀರು, ಬೆಲ್ಲ, ತೌಡು ಕಲಸಿ ಅದರಲ್ಲಿ ಪುಡಿ ಹಾಕಿ, ಒಂದು ದಿನ ಇಟ್ಟು, ಹೊಂಡಕ್ಕೆ ಸುರಿದು, ಉಳಿದದ್ದನ್ನು ಚೆಲ್ಲಬೇಕು. ಪ್ಯಾಕೆಟ್ಟಿನ ಮೇಲೆ ಹಾಗೇ ಬರೆದಿತ್ತು. ಈ ಕೆಲಸವನ್ನು ಆಯಿ ತಾನಾಗಿಯೇ ವಹಿಸಿಕೊಂಡಳು. ಎರಡನೇ ಸಲ ಪ್ಯಾಕೆಟ್ಟು ತರಲು ಅಪ್ಪ ಹೊರಟಾಗ ತಡೆದಳು.

"ದಿನಾ ಮೊಸರಿಗೆ ಅಂಗಡ್ಯಾಗಿಂದ ಹೆಪ್ಪು ತರ್ತೀವೇನು? ನಿನ್ನಿದ್ರಾಗ ಒಂದೀಟು ಉಳಿಸಿ ಇವತ್ತಿಂದಕ್ಕ ಹಾಕ್ತೀವಿ. ಇದೂ ಹಂಗಽ."

ಹಾಗೆ ಪ್ರತಿ ಸಲವೂ ಡ್ರಮ್ಮಿನ ತಳದಲ್ಲಿ ಒಂದು ಪಾತ್ರೆಯಷ್ಟು ಉಳಿಸಿ, ಅದರ ಮೇಲೆ ಮುಧೋಳ ಕಡೆಯ ಬೆಲ್ಲ, ತೌಡು, ನೀರು ಹಾಕುತ್ತ ಹೋದಳು. ನೀರೂ ಬೇರೆಯದಲ್ಲ, ಹೊಂಡದ್ದೇ. "ಹುಳಾಗೋಳಿಗೆ ತಮ್ಮ ನೀರಿನ ರುಚಿ ಗೊತ್ತಿರ್ತದ," ಎನ್ನುತ್ತಿದ್ದಳು. ಆಯಿಯ ಮೊಸರು ಓಣಿಗೆಲ್ಲ ಹೆಸರುವಾಸಿ. ಎಂದೂ ಹುಳಿಯಾಗುವುದಿಲ್ಲ. ಅವಳ ಅತ್ತೆಯಿಂದ ಬಂದ ಹೆಪ್ಪು ಮೂವತ್ತು ವರ್ಷ ಮುರಿಯದೆ ನಡೆದುಬಂದಿತ್ತು. ಡ್ರಮ್ಮಿನ ಹೆಪ್ಪಿಗೂ ಅದೇ ಮರ್ಯಾದೆ. ಹುಳಿ ವಾಸನೆ ಬರುವ ಹಾಗಿದೆ ಎನಿಸಿದರೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ಹೊಸ ನೀರು ಸುರಿದು ಸುಧಾರಿಸುತ್ತಿದ್ದಳು. ನನಗೂ ಅದು ಬಹಳ ಜಾಣತನವಾಗಿ ಕಂಡಿತ್ತು. ಆದರೆ ನೀಲಿ ಪುಸ್ತಕದಲ್ಲಿ ಅದನ್ನು ಬರೆಯಲಿಲ್ಲ. ಹೆಪ್ಪು ಅಡುಗೆಮನೆಯ ಬಾಬತ್ತು, ಹೊಂಡದ್ದಲ್ಲ ಎಂಬುದು ನನ್ನ ಲೆಕ್ಕ.

ಆ ವರ್ಷ ಜೂನ್ ಮೊದಲಲ್ಲಿ ಮರಿ ಬಿಟ್ಟೆವು. ಹೊಂಡದ ಪುಸ್ತಕದಲ್ಲಿ ತಾರೀಖು ಬರೆಯುವುದಿಲ್ಲ, ಮರಿ ಬಿಟ್ಟು ಎಷ್ಟನೇ ದಿನ ಎಂದು ಬರೆಯುತ್ತಾರೆ. ನನ್ನ ಪುಸ್ತಕದಲ್ಲಿ ಹೀಗಿದೆ:

"38ನೇ ದಿನ. ಬೆಳಿಗ್ಗೆ 9. ಕಾಕಾ ತಮ್ಮ ಹೊಂಡದ ನೀರು ಹಳ್ಳಕ್ಕೆ ಬಿಟ್ಟರು. 39. ಏನಿಲ್ಲ. 40. ತಟ್ಟೆಯಲ್ಲಿ ಮೇವು ಅರ್ಧ ಉಳಿದಿದೆ. 41. ಸತ್ತದ್ದು 17. 42. ಸತ್ತದ್ದು 260, ಎಣಿಸುವುದು ಬಿಟ್ಟೆ."

ತಟ್ಟೆ ಎಂದರೆ ಸೀಗಡಿ ಮೇವು ತಿಂದವೋ ಇಲ್ಲವೋ ನೋಡಲು ನೀರಿಗೆ ಇಳಿಸುವ ಬಲೆಯ ತಟ್ಟೆ. ಎತ್ತಿದರೆ ಹೊಟ್ಟೆ ಖಾಲಿಯಾದ, ತಲೆಯ ಭಾಗ ಬಿಳಿಚಿದ ಸೀಗಡಿಗಳು ಮಿಸುಕಾಡದೆ ಬಿದ್ದಿರುತ್ತಿದ್ದವು. ಕಾಕಾನ ಹೊಂಡದಲ್ಲೂ ಅದೇ ಗತಿ. ಉಳಿದ ಮೂರು ಹೊಂಡಗಳಿಗೆ ಏನೂ ಆಗಿರಲಿಲ್ಲ.

ನಲವತ್ಮೂರನೇ ದಿನ ಭಾನುವಾರ. ಐದೂ ಹೊಂಡದವರು ನಮ್ಮ ಒಡ್ಡಿನ ಮೇಲೆ ಸೇರಿದರು.

"ಮೊದಲ ಯಾರ ಹೊಂಡಕ್ಕ ಬಂತು ಇದು? ಯಾರಿಗರ ಗೊತ್ತೈತೇನು?" ಎಂದು ಗೌಡರು ಕೇಳಿದರು.

ನನಗೆ ಗೊತ್ತಿತ್ತು. ಗೊತ್ತಿದೆ ಎಂಬ ಹೆಮ್ಮೆಯೂ ಇತ್ತು. ಅಪ್ಪ ಬಾಯಿ ತೆರೆಯುವ ಮೊದಲೇ ಪುಸ್ತಕ ತೆರೆದು, ಪಾಠ ಒಪ್ಪಿಸುವ ಹಾಗೆ ಓದಿದೆ. ಮೂವತ್ತೆಂಟಕ್ಕೆ ಕಾಕಾನ ಹೊಂಡದ ನೀರು ಹಳ್ಳಕ್ಕೆ. ಹಳ್ಳ ನಮ್ಮ ಒಡ್ಡಿನ ಬುಡದಲ್ಲೇ ಹರಿಯುತ್ತದೆ. ನಲವತ್ತೊಂದಕ್ಕೆ ನಮ್ಮಲ್ಲಿ ಹದಿನೇಳು.

"ನೀರ ಬಿಟ್ಟಿದ್ದು ಖರೇ ಐತಿ," ಎಂದರು ಕಾಕಾ. "ಹಳ್ಳಕ್ಕ ಬಿಟ್ಟೀನ್ರೀ. ಇವರ ಹೊಂಡಕ್ಕ ಬಿಟ್ಟಿಲ್ಲಲ್ರೀ!"

"ಒಡ್ಡಿನಾಗ ಏಡಿ ತೂತ ಕೊರದಾವು, ನೀರ ಜಿನುಗತೈತಿ. ಮನಿಗೆ ಬ್ಯಾನಿ ಬಂದ್ರ ಮುಚ್ಚಿಟ್ಟು ಹಳ್ಳಕ್ಕ ಚೆಲ್ಲೂದೇನು? ಒಂದ ಮಾತ ಹೇಳಾಕ ಬಾಯಿರಲಿಲ್ಲೇನು?" ಎಂದರು ಗೌಡರು. ಉಳಿದವರು ತಲೆಯಾಡಿಸಿದರು. "ಮುಂದಿನ ಗಾಡ್ಯಾಗ ಇವರ ಚೀಲಾ ಬ್ಯಾಡ. ಅಷ್ಟ."

ಕಾಕಾ ನನ್ನ ಕಡೆ ತಿರುಗಿದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ತಂಗೀ, ನಾ ಯಾಕ ನೀರ ಬಿಟ್ಟೆ ಅಂತ ಬರದಿಯೇನು ಅದರಾಗ?"

ಬರೆದಿರಲಿಲ್ಲ. ಕೇಳಿಯೂ ಇರಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಅಂಗಿ ಗೂಟಕ್ಕೆ ಹಾಕುತ್ತ ಇಷ್ಟೇ ಹೇಳಿದರು: "ನೀ ಬರದದ್ದು ಸುಳ್ಳಲ್ಲ. ಆದ್ರ ಓದಿದ ಧಾಟಿ ಛಲೋ ಇರ್ಲಿಲ್ಲ." ಅವತ್ತಿನ ಕೆಂಪು ಪುಟದಲ್ಲಿ ಆ ಮಾತು ಇದೆ, ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಸಿಟ್ಟಿನಿಂದ ಎಳೆದದ್ದು ಎಂದು ಗೆರೆ ನೋಡಿದರೇ ತಿಳಿಯುತ್ತದೆ.

ಜಮಖಂಡಿಯ ನಮ್ಮ ಕಾಲೇಜಿಗೆ ಹಿಂದಿನ ವರ್ಷ ಕರಾವಳಿಯ ಒಂದು ಲ್ಯಾಬಿನಿಂದ ಒಬ್ಬ ಮೇಡಂ ಉಪನ್ಯಾಸ ಕೊಡಲು ಬಂದಿದ್ದರು. ಮೀನು, ಸೀಗಡಿಗಳ ರೋಗ ಅವರ ವಿಷಯ. ಅವತ್ತು ಬರೆದುಕೊಂಡಿದ್ದ ನಂಬರಿಗೆ ಹೆದರುತ್ತಲೇ ಫೋನ್ ಮಾಡಿದೆ. ಅವರು ನನ್ನನ್ನು ನೆನಪಿಟ್ಟುಕೊಂಡಿರಲು ಕಾರಣವೇ ಇರಲಿಲ್ಲ. ಆದರೂ ಅರ್ಧ ತಾಸು ಕೇಳಿಸಿಕೊಂಡರು.

"ಸತ್ತದ್ದು ಬೇಡ, ಸಾಯ್ತಾ ಇರುವುದು ಬೇಕು. ಎರಡೂ ಹೊಂಡದ್ದು ಬೇರೆ ಬೇರೆ ಚೀಲದಲ್ಲಿ. ಹೊಂಡಕ್ಕೆ ನೀವು ಏನೇನು ಹಾಕ್ತೀರೋ ಅದೆಲ್ಲದರದ್ದೂ ಸ್ವಲ್ಪ ಸ್ವಲ್ಪ. ಐಸ್ ಕರಗಬಾರದು, ಆಯ್ತಾ?"

ಮೇವು, ಹೊಂಡದ ನೀರು, ಬೋರಿನ ನೀರು ಎಲ್ಲ ಕಟ್ಟಿದೆ. ಹೆಪ್ಪಿನ ನೆನಪು ನನಗೆ ಬರಲಿಲ್ಲ. ಆಯಿಯೇ ಒಂದು ಸಣ್ಣ ಬಾಟಲಿಯಲ್ಲಿ ತುಂಬಿ ತಂದುಕೊಟ್ಟಳು. "ಇದನ್ನೂ ಕಳಸು. ಎಷ್ಟು ಛಲೋ ಬಂದದ ನೋಡ್ಲಿ ಅವರು." ಆ ಬಾಟಲಿ ಹೋಗದಿದ್ದರೆ ಈ ಕತೆಗೆ ಕೊನೆಯೇ ಇರುತ್ತಿರಲಿಲ್ಲ. ತನ್ನ ವಿರುದ್ಧದ ಸಾಕ್ಷಿಯನ್ನು ಹೆಮ್ಮೆಯಿಂದ ತುಂಬಿಕೊಟ್ಟಳು ನನ್ನ ಆಯಿ.

ಐಸು ತುಂಬಿದ ಈ ಪೆಟ್ಟಿಗೆಯನ್ನು ಲ್ಯಾಬಿಗೆ ಒಯ್ಯುವವರು ಯಾರು? ಅಪ್ಪನಿಗೆ ರಜೆ ಸಿಗಲಿಲ್ಲ. ನನಗೆ ಪ್ರಾಕ್ಟಿಕಲ್ ಪರೀಕ್ಷೆ. ತಮ್ಮ ಹೊಂಡದ ಸೀಗಡಿ ಕೊಡಲು ಬಂದಿದ್ದ ಕಾಕಾ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ನಾ ಒಯ್ತೀನ್ರೀ."

ಅಪ್ಪ ಒಂದು ಕ್ಷಣ ಪೆಟ್ಟಿಗೆಯನ್ನೇ ನೋಡಿದರು. ಆ ಒಂದು ಕ್ಷಣ ನನಗೆ ಈಗಲೂ ನಾಚಿಕೆ ತರಿಸುತ್ತದೆ. ಯಾಕೆಂದರೆ ನನ್ನ ತಲೆಯಲ್ಲಿ ಏನು ಓಡುತ್ತಿತ್ತೋ ಅದು ಅಪ್ಪನ ತಲೆಯಲ್ಲಿ ಇರಲಿಲ್ಲ. ಅವರು ಪೆಟ್ಟಿಗೆಯ ಹಗ್ಗ ಗಟ್ಟಿ ಇದೆಯೇ ಎಂದು ನೋಡುತ್ತಿದ್ದರು. ನೋಡಿ, ಕಾಕಾನ ಕೈಗೆ ಕೊಟ್ಟರು. ಸಂಜೆ ಗೌಡರು ಫೋನ್ ಮಾಡಿದರು.

"ಯಾರ ಮ್ಯಾಲ ಅಪವಾದ ಐತಿ, ಅವನ ಕೈಯಾಗ ಪೆಟಗಿ ಕೊಟ್ಟೀರಂತಲ್ರೀ ಸಾಹೇಬ್ರ?"

"ಹೌದ್ರೀ. ಅವರಷ್ಟು ಜ್ವಾಕಿ ಮಾಡಾವರು ಇನ್ಯಾರ ಇದ್ದಾರ್ರೀ?" ಎಂದರು ಅಪ್ಪ.

ಮೀನಿನ ವಾಸನೆ ಇದ್ದರೆ ಕಂಡಕ್ಟರು ಹತ್ತಿಸುವುದಿಲ್ಲ ಎಂದು ಕಾಕಾ ಪೆಟ್ಟಿಗೆಗೆ ಹಳೆಯ ಎರಡು ಸೀರೆ ಸುತ್ತಿ, ಮದುವೆಯ ಸೀರೆ ಗಂಟು ಎಂದು ಹೇಳಿ ಹತ್ತಿದರಂತೆ. ಬಾಗಲಕೋಟೆಯಲ್ಲಿ ಒಂದು ಬಸ್ಸು, ಹುಬ್ಬಳ್ಳಿಯಲ್ಲಿ ಇನ್ನೊಂದು, ಘಟ್ಟ ಇಳಿದು ಕರಾವಳಿ. ಮೂರನೇ ದಿನ ತಿರುಗಿ ಬಂದು ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಬಸ್ಸಿನ ಟಿಕೆಟ್ಟಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಏಳು ಸಾಲು. ಎಲ್ಲೆಲ್ಲಿ, ಎಷ್ಟು ಗಂಟೆಗೆ ಐಸು ಬದಲಿಸಿದೆ ಎಂದು.

"ನೀ ಕೇಳತೀ ಅಂತ ಗೊತ್ತಿತ್ತು," ಎಂದರು. ನಗಲಿಲ್ಲ. ಚಹಾಕ್ಕೂ ನಿಲ್ಲಲಿಲ್ಲ. ಆ ಚೀಟಿಯನ್ನು ನೀಲಿ ಪುಸ್ತಕದಲ್ಲಿ ಅಂಟಿಸಿದ್ದೇನೆ. ನಾನು ಈಗ ಒಂದು ಲ್ಯಾಬಿನಲ್ಲಿ ಇಂಥ ಮಾದರಿಗಳನ್ನೇ ತೆಗೆದುಕೊಳ್ಳುವ ಕೆಲಸದಲ್ಲಿದ್ದೇನೆ. ಅಷ್ಟು ಜೋಪಾನವಾಗಿ ಬಂದ ಇನ್ನೊಂದು ಪೆಟ್ಟಿಗೆ ನೋಡಿಲ್ಲ.

ಆಮೇಲೆ ಕಾಯುವ ತಿಂಗಳುಗಳು. ಎರಡೂ ಹೊಂಡ ಖಾಲಿ ಮಾಡಿ, ಸುಣ್ಣ ಹಾಕಿ ಒಣಗಿಸಿದೆವು. ಕಾಕಾ ಬರುವುದು ನಿಂತಿತು. ಬೇರೆ ದಾರಿಯಿಲ್ಲದೆ ತಮ್ಮನಿಗೆ ಬಿಟ್ಟಿದ್ದ ಮಗ್ಗಕ್ಕೇ ಮತ್ತೆ ನಿಂತಿದ್ದಾರೆ, ಕೆಮ್ಮು ಹೆಚ್ಚಾಗಿದೆ ಎಂದು ಬನಹಟ್ಟಿಯಿಂದ ಕಾಲೇಜಿಗೆ ಬರುತ್ತಿದ್ದ ಗೆಳತಿ ಹೇಳಿದಳು. ಕೆಂಪು ಪುಸ್ತಕದಲ್ಲಿ ಅದನ್ನು ಬರೆದು, ಮುಂದೆ ಏನು ಬರೆಯಬೇಕೋ ತಿಳಿಯದೆ ಆ ಪುಟ ಹಾಗೇ ಬಿಟ್ಟಿದ್ದೇನೆ.

ಫೆಬ್ರುವರಿಯಲ್ಲಿ, ಗೌಡರು ಹೊಸ ಮರಿಯ ಪಟ್ಟಿ ಮಾಡುತ್ತಿದ್ದ ವಾರವೇ, ಮೇಡಂ ಫೋನು ಬಂತು.

ರೋಗಕ್ಕೆ ಕಾರಣ ವಿಬ್ರಿಯೋ ಎನ್ನುವ ಬ್ಯಾಕ್ಟೀರಿಯಾ. ಉಪ್ಪು ನೀರಲ್ಲಿ ಇರುವಂಥದು. ಸೀಗಡಿಗಳಿಂದ, ಕಟ್ಟಿ ಕಳಿಸಿದ ಉಳಿದೆಲ್ಲದರಿಂದ ಅದನ್ನು ಬೇರೆಬೇರೆಯಾಗಿ ಬೆಳೆಸಿ, ಅದರ ಜೀನೋಮನ್ನು, ಅಂದರೆ ಅದರೊಳಗೆ ಬರೆದಿರುವ ಸುಮಾರು ಐವತ್ತು ಲಕ್ಷ ಅಕ್ಷರಗಳನ್ನು, ಮೊದಲಿನಿಂದ ಕೊನೆಯವರೆಗೆ ಓದಿಸಿದ್ದರು.

"ನಿಮ್ಮ ಹೊಂಡದ್ದೂ ನಿಮ್ಮ ಡ್ರಮ್ಮಿನದ್ದೂ ಅಕ್ಷರಕ್ಕೆ ಅಕ್ಷರ ಒಂದೇ. ಆ ನೇಕಾರರ ಹೊಂಡದ್ದೂ ಅದೇ, ಆದರೆ ಎರಡು ಅಕ್ಷರ ಬೇರೆ. ಆ ಎರಡು ತಪ್ಪು ನಮ್ಮಲ್ಲಿರುವ ಬೇರೆ ಯಾವ ವಿಬ್ರಿಯೋದಲ್ಲೂ ಇಲ್ಲ. ಅವರ ಹೊಂಡದಲ್ಲೇ ಹೊಸದಾಗಿ ಆದದ್ದು."

"ಅಂದ್ರೆ, ಮೇಡಂ?"

"ಅವರಿಂದ ನಿಮಗೆ ಬಂದಿದ್ದರೆ ಆ ಎರಡು ತಪ್ಪೂ ಜೊತೆಗೇ ಬರಬೇಕಿತ್ತಲ್ಲ? ಬಂದಿಲ್ಲ. ನಿಮ್ಮಿಂದ ಅವರಿಗೆ ಹೋದ ಹಾಗೆ ಕಾಣ್ತದೆ. ಡ್ರಮ್ಮಿನಿಂದ ಏನಾದರೂ ಅವರ ಹೊಂಡಕ್ಕೆ ಹೋಗಿತ್ತಾ? ನೀನು ಎಲ್ಲ ಬರೀತೀಯಲ್ಲ, ನೋಡು."

ನೀಲಿ ಪುಸ್ತಕ ಎರಡು ಸಲ ತಿರುವಿದೆ. ಇರಲಿಲ್ಲ. ಆಮೇಲೆ ಕೆಂಪನ್ನು ತೆಗೆದೆ. ಇತ್ತು. "ಮಧ್ಯಾಹ್ನ ಬದನೆಕಾಯಿ ಎಣಗಾಯಿ, ಛಲೋ ಆಗಿತ್ತು. ಆಯಿ ಕಾಕಾಗೆ ಒಂದು ಕ್ಯಾನು ಹೆಪ್ಪು ಕೊಟ್ಟಳು. ಕಾಕಾ ಪೂರ್ತಿ ಕ್ಯಾನು ಒಮ್ಮೆಲೇ ಹೊಂಡಕ್ಕೆ ಸುರಿದರು." ಬೆರಳು ಮಡಚಿ ಎಣಿಸಿದೆ. ಮರಿ ಬಿಟ್ಟ ಇಪ್ಪತ್ತೊಂಬತ್ತನೇ ದಿನ. ಅವರ ಹೊಂಡ ಸಣ್ಣದು, ಒಂದೇ ಸಲಕ್ಕೆ ಒಂದು ಕ್ಯಾನು. ಅದಕ್ಕೇ ಅಲ್ಲಿ ಮೊದಲು ಸತ್ತವು. ನಮ್ಮದು ದೊಡ್ಡದು, ತಡವಾಗಿ ಸತ್ತವು. ಮೂವತ್ತೆಂಟಕ್ಕೆ ಅವರು ನೀರು ಬಿಟ್ಟದ್ದು ಸಾಯುತ್ತಿದ್ದವನ್ನು ಉಳಿಸಿಕೊಳ್ಳಲು; ಆ ನೀರಿನ ಜೊತೆ ಹೊರಹೋದದ್ದು ನಾವು ಕೊಟ್ಟದ್ದೇ.

ಆಯಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ನನ್ನ ಹೆಪ್ಪು?"

"ಹೂಂ."

"ನನ್ನ ಹೆಪ್ಪೇನು?" ಎಂದು ಮತ್ತೆ ಕೇಳಿದಳು. ಮೊರ ಕೆಳಗಿಟ್ಟು, "ಹುಳಿ ಆಗಲಿಕ್ಕೆ ಬಿಟ್ಟಿದ್ರ?"

"ಹುಳಿ ಆಗಿದ್ರ ಆ ಕೆಟ್ಟದ್ದು ಬಹುಶಃ ಉಳೀತಿರ್ಲಿಲ್ಲ ಅಂದ್ರು ಮೇಡಂ. ಹೊಂಡದ ನೀರಿನ ಜೋಡಿ ಒಳಗ ಬಂದದ. ಸೋಡಾ ಹಾಕಿ ನಾವಽ ಬದುಕಿಸೇವಿ."

ಆಯಿ ಎದ್ದು ಹೋಗಿ ಆ ಡ್ರಮ್ಮಿಗೆ ಬ್ಲೀಚಿಂಗ್ ಪುಡಿ ಸುರಿದು, ಉಜ್ಜಿ, ಬಿಸಿಲಿಗೆ ಬೋರಲು ಹಾಕಿದಳು. ಅವತ್ತು ಹಾಲು ಕಾಯಿಸಿದಳು, ಹೆಪ್ಪು ಹಾಕಲಿಲ್ಲ. ಕೆಂಪು ಪುಸ್ತಕದಲ್ಲಿ ಆ ದಿನಕ್ಕೆ ಎರಡೇ ಶಬ್ದ: "ಇಂದು ಮೊಸರಿಲ್ಲ." ಮರುದಿನ ಸೀರೆ ಉಟ್ಟು ನಿಂತಿದ್ದಳು. "ಬನಹಟ್ಟಿಗೆ ಹೋಗೂಣು. ಹೇಳಾಕಿ ನಾನು."

ಜಮಖಂಡಿಯಲ್ಲಿ ಬಸ್ಸು ಬದಲಿಸಿ ಬನಹಟ್ಟಿಗೆ ಹೋದೆವು. ಓಣಿ ಹೊಕ್ಕರೆ ಮನೆಮನೆಯಿಂದ ಮಗ್ಗದ ಸದ್ದು, ನೆಲವೇ ನಡುಗುವಂತೆ. ಕಾಕಾ ಪವರ್‌ಲೂಮಿನ ಮುಂದೆ ಮೂಗಿಗೆ ಟವೆಲ್ ಕಟ್ಟಿಕೊಂಡು ನಿಂತಿದ್ದರು. ನಮ್ಮನ್ನು ನೋಡಿ ಗಾಬರಿಯಾಗಿ ಹೊರಗೆ ಬಂದರು. ಪಕ್ಕದಲ್ಲೇ ತಮ್ಮನ ಮಗ್ಗ ಓಡುತ್ತಿತ್ತು.

"ತಪ್ಪು ನಮ್ಮದದ!" ಎಂದಳು ಆಯಿ.

"ಆಂ?"

"ತಪ್ಪು ನಮ್ಮದು!"

"ಏನ ಅಂದ್ರೀ ಬಾಯಾರ?"

ಆಯಿ ಉಸಿರೆಳೆದುಕೊಂಡು ಜೀವಮಾನದಲ್ಲಿ ಮೊದಲ ಸಲ ಗಂಟಲು ಹರಿಯುವಂತೆ ಕೂಗಿದಳು: "ನಿಮ್ಮ ಹುಳಾ ಕೊಂದಾಕಿ ನಾನು!" ಅದೇ ಹೊತ್ತಿಗೆ ಕಾಕಾನ ತಮ್ಮ ತನ್ನ ಮಗ್ಗ ನಿಲ್ಲಿಸಿದ್ದ. ಆ ಮಾತು ಓಣಿಗೆಲ್ಲ ಕೇಳಿತು. ಎದುರುಮನೆಯ ಹೆಂಗಸು ಕಿಟಕಿಯಿಂದ ಇಣುಕಿ, "ಯಾರನ್ನ ಕೊಂದಾಳಂತ?" ಎಂದು ಒಳಗಿನವರನ್ನು ಕೇಳಿದಳು.

ಕಾಕಾ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿದರು. ಎರಡು ಅಕ್ಷರದ ಮಾತು ಬಂದಾಗ ಕೈ ಎತ್ತಿ ನನ್ನನ್ನು ತಡೆದರು. ಒಳಗೆ ಹೋಗಿ ತೂತು ತೂತಿನ ಒಂದು ಉದ್ದದ ರಟ್ಟು ತಂದರು. ಸೀರೆಯ ಅಂಚು, ಸೆರಗಿನ ಚಿತ್ತಾರ ಹೇಗೆ ಬರಬೇಕು ಎಂದು ಮಗ್ಗಕ್ಕೆ ಹೇಳುವುದು ಈ ರಟ್ಟು.

"ಇದರಾಗ ಒಂದ ತೂತ ತಪ್ಪ ಬಿತ್ತು ಅನ್ನು. ಇದನ್ನ ನೋಡಿ ಹೊಸಾ ರಟ್ಟ ಹೊಡದ್ರ ಆ ತಪ್ಪ ಅದರಾಗೂ ಬರತೈತಿ. ಹೊಸಾದ್ರಾಗ ಮತ್ತೊಂದ ತಪ್ಪಾದ್ರ ಅದು ತಿರಗಿ ಹಳೇದಕ್ಕ ಹೋಗಾಂಗಿಲ್ಲ. ಸೆರಗ ನೋಡಿದ್ರ ಯಾ ರಟ್ಟಿನ ಸೀರಿ, ಯಾವುದು ಮೊದಲಿಂದು, ಯಾವುದು ನಕಲು, ನಾ ಹೇಳತೀನಿ. ಹಿಂಗ ಹೌದಲ್ಲ?"

ಹೌದು. ಮೇಡಂ ಅರ್ಧ ತಾಸಿನಲ್ಲಿ ನನಗೆ ಹೇಳಿದ್ದನ್ನು ಅವರು ಒಂದು ರಟ್ಟಿನಲ್ಲಿ ಹೇಳಿದ್ದರು.

"ಐವತ್ತ ಲಕ್ಷ ತೂತ ಎಣಿಸ್ಯಾರ ಆ ಬಾಯಾರು? ನಿನಕಿಂತ ಹುಚ್ಚರ ಅದಾರಲ್ಲ ತಂಗೀ ಜಗತ್ತಿನಾಗ!"

ನಾನು ಅಳುತ್ತಿದ್ದೆ. ಕ್ಷಮಿಸಿ ಎಂದೆ. ಅವರು ರಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಸಿಟ್ಟ ಬಂದಿತ್ತು. ಸುಳ್ಳ ಯಾಕ ಹೇಳಲಿ? ಮಗ್ಗದ ಮುಂದ ನಿಂತಾಗೆಲ್ಲ ನಿನ್ನ ನೀಲಿ ಪುಸ್ತಕ ಕಣ್ಣ ಮುಂದ ಬರತಿತ್ತು. ನನಗ ಹೇಳಿದ್ದು ಆತು. ಆದ್ರ ಎಲ್ಲಿ ನಿಂತು ಓದಿದ್ದಿ, ಅಲ್ಲೇ ನಿಂತು ಓದಬೇಕವ್ವಾ."

ಭಾನುವಾರ ಅದೇ ಒಡ್ಡಿನ ಮೇಲೆ, ಅದೇ ಐದು ಹೊಂಡದವರ ಮುಂದೆ ನಿಂತೆ. ಈ ಸಲ ಎರಡೂ ಪುಸ್ತಕ ತೆರೆದುಕೊಂಡು ಓದಿದೆ. ಇಪ್ಪತ್ತೊಂಬತ್ತನೇ ದಿನದಿಂದ ಶುರುಮಾಡಿದೆ. ಐಸಿನ ಚೀಟಿಯನ್ನೂ ಓದಿದೆ. ಧಾಟಿ ಸರಿಯಿತ್ತು ಎಂದು ಆಮೇಲೆ ಅಪ್ಪ ಹೇಳಿದರು.

"ಆವತ್ತೂ ಇದಽ ಹುಡುಗಿ, ಇದಽ ಪುಸ್ತಕ," ಎಂದರು ಗೌಡರು. "ಯಾವ ದಿನದ ಮಾತ ಖರೇ ಅನಬೇಕು ನಾವು?"

"ಬರದದ್ದು ಆವತ್ತೂ ಖರೇನರೀ. ನಾ ಅರ್ಧಾ ಓದಿದ್ದೆ."

ಆಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಗಂಡಸರ ಆ ಗುಂಪಿನಲ್ಲಿ ಅವಳು ಅಲ್ಲಿಯವರೆಗೆ ಮಾತಾಡಿರಲಿಲ್ಲ. "ಗಾಡಿಯೊಳಗಿಂದ ಚೀಲಾ ತೆಗೀಬೇಕಂದ್ರ ನಮ್ಮ ಚೀಲಾ ತೆಗೀರಿ. ಅವರದು ಹಾಕ್ರಿ."

ಗೌಡರು ಹಳ್ಳದ ಕಡೆ ನೋಡಿದರು. ಕಾಕಾನನ್ನು ನೋಡಿದರು. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಯಾರ ಚೀಲಾನೂ ತೆಗ್ಯೂದು ಬ್ಯಾಡ. ಖರೇ ಹೇಳತೀನ್ರೀ ಬಾಯಾರ, ಆ ಹೆಪ್ಪ ನನಗೂ ಒಂದ ಕ್ಯಾನ ಕೊಡ್ರಿ ಅಂತ ಕೇಳಾವಿದ್ದೆ. ದೇವರು ಕಾದ." ಎಂದು ಅಲ್ಲೇ ಫೋನ್ ತೆಗೆದು ಕರಾವಳಿಗೆ ಹಚ್ಚಿದರು. "ಹಲೋ, ಚೀಲಾ ಹೆಚ್ಚಿಗಿ ಬೇಕು. ಹೌದು, ಐದೂ ಹೊಂಡಕ್ಕ." ಫೋನ್ ಇಟ್ಟು ಕಾಕಾನ ಮುಂದೆ ಹೋಗಿ ನಿಂತರು. "ಆವತ್ತ ನನ್ನ ಬಾಯೀನೂ ಜೋರಾತೋ ಮಾರಾಯಾ," ಎಂದರು.

"ಜೋರಾದ್ದು ಛಲೋ ಆತ್ರಿ. ಮೆಲ್ಲಕ ಅಂದಿದ್ರ ನನಗ ಕೇಳತಿದ್ದಿಲ್ಲ," ಎಂದರು ಕಾಕಾ.

ಮರಿಯ ಗಾಡಿ ಮಾರ್ಚಿನ ಒಂದು ಬೆಳಿಗ್ಗೆ ಬಂತು. ಆ ಸಲ ಆಯಿ ಪ್ಯಾಕೆಟ್ಟಿನ ಮೇಲಿನ ಬರಹವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಬೋರಿನ ನೀರು ಕುದಿಸಿ ಆರಿಸಿ ಇಟ್ಟಿದ್ದಳು. ಹೊಂಡಕ್ಕೆ ಸುರಿದ ಮೇಲೆ ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ಚೆಲ್ಲುವಾಗ ಕೈ ಸ್ವಲ್ಪ ತಡೆಯಿತು. ಚೆಲ್ಲಿದಳು. ಮನೆಯ ಮೊಸರಿಗೆ ಪಕ್ಕದ ಮನೆಯಿಂದ ಹೊಸ ಹೆಪ್ಪು ಬಂದಿತ್ತು. ಅತ್ತೆಯಿಂದ ಬಂದದ್ದಲ್ಲ, ಸ್ವಲ್ಪ ಹುಳಿ. ಅದನ್ನೇ ಕಲಸಿಕೊಂಡು ಉಂಡೆವು.

ಮರಿಗಳು ಹೊಸ ನೀರಿಗೆ ಒಗ್ಗಲಿ ಎಂದು ಕಾಕಾ ತಮ್ಮ ಚೀಲಗಳನ್ನು ಹೊಂಡದಲ್ಲಿ ತೇಲಬಿಟ್ಟು ಒಡ್ಡು ದಾಟಿ ಬಂದರು. ಕೈಯಲ್ಲಿ ನಮ್ಮ ಕ್ಯಾನು. ಎಂಟು ತಿಂಗಳು ಅವರ ಹತ್ತಿರವೇ ಉಳಿದಿತ್ತು.

"ಬಿಸಿನೀರಾಗ ತೊಳದೀನಿ, ಬಿಸಲಾಗ ಒಣಗಿಸೀನಿ. ನಿಮ್ಮ ಮೇಡಂಗ ಹೇಳು," ಎಂದು ಕೂಗಿದರು. "ಇಷ್ಟ ದಿನಾ ಯಾಕ ಕೊಡಲಿಲ್ಲ ಅಂದ್ರ, ತುಂಬಾಕ ಏನೂ ಇದ್ದಿಲ್ಲ. ಖಾಲಿ ಹೆಂಗ ಕೊಡೂದು?"

ಮುಚ್ಚಳ ತೆಗೆದೆ. ಕಂಠದವರೆಗೂ ಶೇಂಗಾ.

ಅವತ್ತು ನೀಲಿ ಪುಸ್ತಕದಲ್ಲಿ ಒಂದು ಹೊಸ ಕಾಲಂ ಎಳೆದೆ: ಕೊಟ್ಟದ್ದು, ಬಂದದ್ದು. ಅದರ ಮೊದಲ ಸಾಲು ಹೀಗಿದೆ. "1ನೇ ದಿನ. ಕಾಕಾನಿಂದ ಬಂದದ್ದು: ಕ್ಯಾನು ಒಂದು, ಶೇಂಗಾ ತುಂಬ. ಸತ್ತದ್ದು: ಇಲ್ಲ."